ಕಾಲಿಗೆ ಶಕ್ತಿ ಇದ್ದೂ ನಡಿಗೆ ತಪ್ಪಿದಾಗ: ಮಲೆನಾಡಿನ ಮನೆಗಳಿಗೊಂದು ಕೈಪಿಡಿ

"ನಿನ್ನೆ ತೋಟದಲ್ಲಿ ಸರಸರ ಓಡಾಡ್ತಿದ್ದ, ಇವತ್ತು ಅಂಗಳ ದಾಟೋಕೆ ಕಾಲು ಎಳೀತಾನೆ." ಫಂಕ್ಷನಲ್ ನಡಿಗೆ ತೊಂದರೆ ಇರುವವರು ನಮ್ಮ ಕಡೆ ಪದೇ ಪದೇ ಕೇಳಿಸಿಕೊಳ್ಳುವ ಮಾತಿದು. ನಾಟಕ ಅನ್ನುವ ಶಬ್ದ ಬಾಯಿಗೆ ಬರದಿದ್ದರೂ ನೋಡುವವರ ಕಣ್ಣಲ್ಲಿ ಇರುತ್ತದೆ. ತೀರ್ಥಹಳ್ಳಿ ಕಡೆಯ ತೋಟದ ಮನೆಯೊಂದರಲ್ಲಿ ಈ ತೊಂದರೆಯ ಜೊತೆ ಬದುಕುತ್ತಿರುವವಳು ನಾನು. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಿಮ್ಮ ಕಾಲು ಒಮ್ಮೊಮ್ಮೆ ಸರಿಯಾಗಿ ನಡೆಯುತ್ತದೆ ಅಂದರೆ ಅದಕ್ಕೆ ನೀವು ನಾಚಿಕೊಳ್ಳಬೇಕಿಲ್ಲ, ಮುಚ್ಚಿಡಲೂಬೇಕಿಲ್ಲ. ಚಿಕಿತ್ಸೆ ಶುರುವಾಗುವುದೇ ಅಲ್ಲಿಂದ.

ಈ ತೊಂದರೆಯಲ್ಲಿ ನರ ತುಂಡಾಗಿರುವುದಿಲ್ಲ, ಸ್ನಾಯು ಸವೆದಿರುವುದಿಲ್ಲ. ನಡಿಗೆಯನ್ನು ತನ್ನಷ್ಟಕ್ಕೆ ನಡೆಸಿಕೊಂಡು ಹೋಗುವ ಮಿದುಳಿನ ಕ್ರಮ ಏರುಪೇರಾಗಿರುತ್ತದೆ. ವೈದ್ಯರು ಇದನ್ನು ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್, ಅಂದರೆ ಎಫ್‌ಎನ್‌ಡಿ ಗುಂಪಿಗೆ ಸೇರಿಸುತ್ತಾರೆ. ಒಬ್ಬರಿಗೆ ಒಂದು ಕಾಲು ಹಿಂದೆ ಎಳೆದುಕೊಂಡು ಬರುತ್ತದೆ. ಇನ್ನೊಬ್ಬರಿಗೆ ಮೊಣಕಾಲು ಇದ್ದಕ್ಕಿದ್ದಂತೆ ಕುಸಿಯುತ್ತದೆ. ಮತ್ತೊಬ್ಬರು ಜಾರುವ ನೆಲದ ಮೇಲೆ ಹೆಜ್ಜೆ ಇಟ್ಟ ಹಾಗೆ ಕಾಲು ಅಗಲಿಸಿ, ಮೈ ಬಿಗಿ ಹಿಡಿದು ನಡೆಯುತ್ತಾರೆ. ಜೊತೆಗೆ ಸುಸ್ತು, ನೋವು, ತಲೆ ಹಗುರಾದಂತೆ ಆಗುವುದು, ನಿದ್ದೆ ಕೆಡುವುದು.

ಅಡಿಕೆ ಮರದ ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮಾತಾಡಿಕೊಂಡು ಹೋದರೆ ಹಳ್ಳ ದಾಟಿದ್ದೇ ಗೊತ್ತಾಗುವುದಿಲ್ಲ. ಮಧ್ಯದಲ್ಲಿ ನಿಂತು ಪಾದ ನೋಡಿ "ಈಗ ಯಾವ ಕಾಲು ಎತ್ತಲಿ" ಅಂದುಕೊಂಡರೆ ಮೊಣಕಾಲು ನಡುಗುತ್ತದೆ. ಈ ಕಾಯಿಲೆಯಲ್ಲಿ ಆ ಸ್ಥಿತಿ ಸಮತಟ್ಟಾದ ನೆಲದ ಮೇಲೂ ಬಂದು ಅಂಟಿಕೊಳ್ಳುತ್ತದೆ. ಬೇಕು ಅಂತ ಯಾರೂ ತಂದುಕೊಂಡದ್ದಲ್ಲ.

ಮೊದಲ ಹೆಜ್ಜೆ: ಏನು ಅಂತ ಖಚಿತ ಮಾಡಿಕೊಳ್ಳಿ

ನಡಿಗೆ ಕೆಡಲು ಬೇಕಾದಷ್ಟು ಕಾರಣಗಳಿವೆ. ಬೆನ್ನುಹುರಿಯ ಮೇಲೆ ಒತ್ತಡ, ಪಾರ್ಕಿನ್ಸನ್ಸ್, ಪಾರ್ಶ್ವವಾಯು ಇವೆಲ್ಲ ಗೊತ್ತಿರುವಂಥವೇ. ಸಸ್ಯಾಹಾರಿ ಮನೆಗಳಲ್ಲಿ ವಿಟಮಿನ್ ಬಿ12 ಕಮ್ಮಿಯಾಗಿಯೂ ಕಾಲು ಜೋಮು ಹಿಡಿದು ನಡಿಗೆ ತೂರಾಡುತ್ತದೆ. ಒಂದು ರಕ್ತಪರೀಕ್ಷೆ ಸಾಕು, ಅದನ್ನು ಬಿಡಬೇಡಿ.

ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಇನ್ನೆರಡು ಹೆಸರು ಜನರ ಬಾಯಲ್ಲಿ ಬರುತ್ತವೆ. ಒಂದು ಹಂದಿಗೋಡು ಕಾಯಿಲೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದದ್ದು. ಅದು ವಂಶದಲ್ಲಿ ಹರಿದು ಬರುವ ಮೂಳೆ ಮತ್ತು ಕೀಲಿನ ಕಾಯಿಲೆ. ಸೊಂಟ, ಮೊಣಕಾಲಿನ ಕೀಲು ಹಾಳಾಗಿರುವುದು ಎಕ್ಸ್‌ರೇಯಲ್ಲೇ ಕಾಣುತ್ತದೆ. ಇನ್ನೊಂದು 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಿಂದ ಗೊತ್ತಾದ ಮಂಗನ ಕಾಯಿಲೆ. ಉಣ್ಣೆ (ಉಣುಗು) ಕಚ್ಚಿ ಬರುವ ಈ ಜ್ವರದಲ್ಲಿ ಕೆಲವರಿಗೆ ಎರಡನೇ ಹಂತದಲ್ಲಿ ನಡುಕ, ತಲೆನೋವು, ಗೊಂದಲ ಕಾಣಿಸಿಕೊಳ್ಳುತ್ತದೆ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದಿದ್ದರೆ ವೈದ್ಯರಿಗೆ ಮೊದಲೇ ಹೇಳಿ. ಇವೆರಡೂ ಬೇರೆ ಕಾಯಿಲೆಗಳು, ಫಂಕ್ಷನಲ್ ತೊಂದರೆ ಬೇರೆ. ಆದರೆ ಯಾವುದಾದರೂ ಜ್ವರ, ಬಿದ್ದ ಪೆಟ್ಟು, ಆಪರೇಷನ್, ತಲೆಸುತ್ತು ಅಥವಾ ಮೈಗ್ರೇನ್ ಆದ ಮೇಲೆ ಫಂಕ್ಷನಲ್ ತೊಂದರೆ ಶುರುವಾಗುವುದುಂಟು.

ಎಂಆರ್‌ಐ ನಾರ್ಮಲ್ ಬಂತು, ಹಾಗಾಗಿ ಇದು ಫಂಕ್ಷನಲ್ ಅಂತ ಯಾರಾದರೂ ಅಂದರೆ ಅಷ್ಟಕ್ಕೇ ಒಪ್ಪಿಕೊಳ್ಳಬೇಡಿ. ಸರಿಯಾಗಿ ಪತ್ತೆ ಮಾಡುವವರು ಕಾಲನ್ನು ಪರೀಕ್ಷಿಸಿ, ಈ ತೊಂದರೆಗೇ ಸೇರಿದ ಗುರುತುಗಳನ್ನು ಹುಡುಕುತ್ತಾರೆ. ಅದರಲ್ಲಿ ಹೂವರ್ ಲಕ್ಷಣ ಮುಖ್ಯವಾದದ್ದು. ಚಾರ್ಲ್ಸ್ ಹೂವರ್ ಅನ್ನುವ ಅಮೆರಿಕದ ವೈದ್ಯರು 1908ರಲ್ಲಿ ಇದನ್ನು ವಿವರಿಸಿದ್ದರು. ನಿಮ್ಮನ್ನು ಮಂಚದ ಮೇಲೆ ಮಲಗಿಸಿ, ಸೋತ ಕಾಲಿನ ಹಿಮ್ಮಡಿ ಕೆಳಗೆ ಕೈ ಇಟ್ಟು "ಕೆಳಗೆ ಒತ್ತಿ" ಅನ್ನುತ್ತಾರೆ. ಎಷ್ಟು ಒದ್ದಾಡಿದರೂ ಒತ್ತಲು ಆಗುವುದಿಲ್ಲ. ಆಮೇಲೆ "ಆ ಕಾಲು ಬಿಡಿ, ಚೆನ್ನಾಗಿರುವ ಕಾಲನ್ನು ಮೇಲೆತ್ತಿ" ಅಂತ ಹೇಳಿ, ಎತ್ತಿದ ತೊಡೆಯನ್ನು ಕೆಳಕ್ಕೆ ಅದುಮುತ್ತಾರೆ. ನೀವು ಪೂರ್ತಿ ಆ ಕಡೆ ಗಮನ ಕೊಟ್ಟಿರುವಾಗ, ಸೋತ ಕಾಲಿನ ಹಿಮ್ಮಡಿ ತನ್ನಷ್ಟಕ್ಕೆ ಅವರ ಕೈಯನ್ನು ಹಾಸಿಗೆಗೆ ಗಟ್ಟಿಯಾಗಿ ಒತ್ತುತ್ತದೆ.

ಅದನ್ನು ನಿಮಗೂ ತೋರಿಸಲು ಕೇಳಿ. ಜೊತೆಗೆ ಬಂದವರಿಗೂ ತೋರಿಸಲಿ. ನನಗೆ ನೂರು ಸಮಾಧಾನದ ಮಾತು ಕೊಡದ ಧೈರ್ಯವನ್ನು ಆ ಒಂದು ಕ್ಷಣ ಕೊಟ್ಟಿತು: ಬಲ ಒಳಗೇ ಇದೆ, ನಾನು "ಮಾಡಬೇಕು" ಅಂತ ಹೊರಟಾಗ ಮಾತ್ರ ದಾರಿ ಕಟ್ಟುತ್ತಿದೆ.

ವೈದ್ಯರ ಹತ್ತಿರ ಹೋಗುವಾಗ ಫೋನಿನಲ್ಲಿ ಎರಡು ವಿಡಿಯೊ ಇಟ್ಟುಕೊಳ್ಳಿ. ಒಂದು ನಡಿಗೆ ಕೆಟ್ಟಾಗಿನದು, ಒಂದು ಚೆನ್ನಾಗಿದ್ದಾಗಿನದು. ಚೆನ್ನಾಗಿದ್ದಾಗಿನದನ್ನು ಅಡಗಿಸಬೇಡಿ, ಅದರಿಂದಲೇ ಅವರಿಗೆ ಜಾಸ್ತಿ ಗೊತ್ತಾಗುತ್ತದೆ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿಂದ ಶುರು ಮಾಡಬಹುದು. ತೀರ್ಥಹಳ್ಳಿ, ಕೊಪ್ಪದ ಕಡೆಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವುದು ರೂಢಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗವೂ ಮನೋವೈದ್ಯ ವಿಭಾಗವೂ ಒಂದೇ ಆವರಣದಲ್ಲಿವೆ, ಅದೊಂದು ದೊಡ್ಡ ಅನುಕೂಲ. ಇದು ಫಂಕ್ಷನಲ್ ತೊಂದರೆಯೇ ಅಂತ ಖಚಿತವಾದ ಮೇಲೆ ಇನ್ನೊಂದು ಸ್ಕ್ಯಾನ್, ಮತ್ತೊಂದು ಸ್ಕ್ಯಾನ್ ಅಂತ ಊರೂರು ಅಲೆಯುವುದನ್ನು ನಿಲ್ಲಿಸಿ. ಆ ದುಡ್ಡನ್ನು ಫಿಸಿಯೋಥೆರಪಿಗೆ ಉಳಿಸಿ.

ತಡ ಮಾಡದೆ ಓಡಬೇಕಾದ ಸಂದರ್ಭಗಳೂ ಇವೆ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಒಂದೇ ಕಡೆಯ ಕೈಕಾಲು ಒಮ್ಮೆಲೇ ಸೋಲುವುದು, ಮೂತ್ರ ಅಥವಾ ಮಲದ ಮೇಲೆ ಹಿಡಿತ ತಪ್ಪುವುದು, ತೊಡೆ ಸಂದಿಯಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ಬಿದ್ದು ತಲೆಗೆ ಪೆಟ್ಟಾಗುವುದು. ಇವುಗಳಲ್ಲಿ ಯಾವುದಾದರೂ ಹೊಸದಾಗಿ ಕಂಡರೆ "ಇದೂ ಅದೇ ಇರಬೇಕು" ಅಂತ ಕೂರಬೇಡಿ, 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿಗೆ ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಮ್ಮ ರಸ್ತೆಗಳಲ್ಲಿ ಆ ಹೊತ್ತು ಬೇಗ ಕಳೆದುಹೋಗುತ್ತದೆ.

ಎರಡನೇ ಹೆಜ್ಜೆ: ಮನೆಯವರಿಗೆ ಏನು ಹೇಳುವುದು

ಚಿಕ್ಕದಾಗಿ ಹೇಳಿ. "ಕಾಲಿನ ನರ ಹಾಳಾಗಿಲ್ಲ. ಮಿದುಳು ನಡಿಗೆಯನ್ನು ನಡೆಸುವ ರೀತಿ ತಪ್ಪಿದೆ. ನಾನು ಬೇಕಂತ ಮಾಡ್ತಿಲ್ಲ. ಅಭ್ಯಾಸದಿಂದ ಸುಧಾರಿಸಬಹುದು." ಅಷ್ಟು ಸಾಕು.

"ಯಾವುದೋ ಟೆನ್ಷನ್ ಇರಬೇಕು, ಮನಸ್ಸಲ್ಲಿ ಏನಿದೆ ಹೇಳು" ಅಂತ ಕೆದಕುವವರು ಇರುತ್ತಾರೆ. ಕೆಲವರಿಗೆ ಹಳೆಯ ಆಘಾತ, ಭಯ, ಖಿನ್ನತೆ ಇದರ ಜೊತೆ ಹೆಣೆದುಕೊಂಡಿರುತ್ತದೆ ನಿಜ. ಎಲ್ಲರಿಗೂ ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಅನ್ನುವ ರೋಗ ವರ್ಗೀಕರಣದಲ್ಲೇ, ಮಾನಸಿಕ ಕಾರಣ ಸಿಗಲೇಬೇಕು ಅನ್ನುವ ಷರತ್ತನ್ನು ತೆಗೆದುಹಾಕಿದ್ದಾರೆ. ಇಲ್ಲದ ಗುಟ್ಟನ್ನು ಹುಡುಕಿ ಮನೆಮಂದಿ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿಕೊಂಡರೆ ನಡಿಗೆ ಇನ್ನಷ್ಟು ಬಿಗಿಯಾಗುತ್ತದೆ.

ಚೌಡಿ ಕಾಟ, ಗಾಳಿ ಸೋಕು, ಯಾರೋ ಮಾಡಿಸಿದ್ದಾರೆ ಅನ್ನುವ ಮಾತೂ ಬರುತ್ತದೆ. ಪೂಜೆ, ಹರಕೆಯಿಂದ ಮನೆಯ ಹಿರಿಯರಿಗೆ ನೆಮ್ಮದಿ ಸಿಗುವುದಾದರೆ ಮಾಡಲಿ. ಹೊಡೆಯುವುದು, ಉಪವಾಸ ಕೆಡವುವುದು, ಹೊಗೆ ಹಾಕುವುದಕ್ಕೆ ಮಾತ್ರ ಖಡಾಖಂಡಿತ ಬೇಡ ಅನ್ನಿ. ಕಾಲನ್ನು ಬಿಗಿಯಾಗಿ ಕಟ್ಟಿ ವಾರಗಟ್ಟಲೆ ಅಲ್ಲಾಡದಂತೆ ಇಡುವುದೂ ಬೇಡ. ಅಲ್ಲಾಡದ ಕಾಲು ಗಡುಸಾಗುತ್ತದೆ, ಪಾದ ತಿರುಚಿಕೊಳ್ಳುವ ತೊಂದರೆ ಹೊಸದಾಗಿ ಶುರುವಾಗಬಹುದು.

ಮನೆಯವರು ಇನ್ನೊಂದು ವಿಷಯ ಕಲಿಯಬೇಕು, ಇದು ಸ್ವಲ್ಪ ಕಷ್ಟ. ನೋಡಬಾರದು. "ಹುಷಾರು, ನಿಧಾನ, ಕಲ್ಲಿದೆ" ಅಂತ ಪ್ರತಿ ಹೆಜ್ಜೆಗೂ ಕೂಗಿದರೆ ಗಮನವೆಲ್ಲ ಕಾಲಿಗೆ ಹೋಗುತ್ತದೆ. ನೆಂಟರು ಬಂದಾಗ "ಎಲ್ಲಿ, ನಡೆದು ತೋರಿಸು" ಅನ್ನುವುದಂತೂ ಬಹಳ ಕೆಟ್ಟದ್ದು. ಪಕ್ಕದಲ್ಲಿ ನಡೆಯಿರಿ, ಅಡಿಕೆ ರೇಟು, ಮಕ್ಕಳ ಶಾಲೆ, ಏನಾದರೂ ಮಾತಾಡಿ. ಕೈ ಹಿಡಿಯಲೇಬೇಕಾದರೆ ತೋಳು ಜಗ್ಗಬೇಡಿ, ನಿಮ್ಮ ಮುಂಗೈ ಮೇಲೆ ಅವರೇ ಹಗುರಾಗಿ ಕೈ ಇಡಲಿ.

ಮೂರನೇ ಹೆಜ್ಜೆ: ಜಗುಲಿಯಲ್ಲಿ ಅಭ್ಯಾಸ

ಬ್ರಿಟನ್ನಿನ ಫಿಸಿಯೋಥೆರಪಿ, ನರರೋಗ ಮತ್ತು ಮನೋವೈದ್ಯ ತಜ್ಞರು ಸೇರಿ 2015ರಲ್ಲಿ ಈ ತೊಂದರೆಗೆಂದೇ ಫಿಸಿಯೋಥೆರಪಿ ಶಿಫಾರಸುಗಳನ್ನು ಪ್ರಕಟಿಸಿದರು. ಅದರ ತಿರುಳು ಸರಳ: ಒಂದೊಂದೇ ಸ್ನಾಯುವಿಗೆ ಬಲ ತುಂಬುವುದಕ್ಕಿಂತ, ಗಮನವನ್ನು ಕಾಲಿನಿಂದ ಬೇರೆಡೆಗೆ ತಿರುಗಿಸಿ, ತನ್ನಷ್ಟಕ್ಕೆ ಬರುವ ಚಲನೆಯನ್ನು ಮರಳಿ ಕಟ್ಟುವುದು. ನಿಮ್ಮ ಫಿಸಿಯೋಥೆರಪಿಸ್ಟ್ ಪಾರ್ಶ್ವವಾಯುವಿನವರಿಗೆ ಹೇಳಿಕೊಡುವ ವ್ಯಾಯಾಮವನ್ನೇ ನಿಮಗೂ ಕೊಟ್ಟಿದ್ದರೆ, ಈ ಮಾತನ್ನು ಅವರ ಜೊತೆ ಎತ್ತಿ. ಮೊದಲ ಕೆಲವು ಸಲ ಅವರ ಎದುರಲ್ಲೇ ಮಾಡಿ, ಆಮೇಲೆ ಮನೆಯಲ್ಲಿ.

ಜಗುಲಿಯ ಕಂಬದ ಪಕ್ಕ ನಿಲ್ಲಿ. ಒಂದು ಕೈ ಕಂಬಕ್ಕೆ ತಾಗಿಸಿದ್ದರೆ ಸಾಕು, ಅಪ್ಪಿಕೊಳ್ಳಬೇಡಿ. ಕಣ್ಣು ಎದುರಿನ ತೋಟದ ಕಡೆ ಇರಲಿ. ಮೈಭಾರವನ್ನು ಎಡಕ್ಕೆ, ಬಲಕ್ಕೆ ನಿಧಾನ ತೂಗಿ. ಹೆಜ್ಜೆ ಇಡುವ ಯೋಚನೆಯೇ ಬೇಡ. ತೂಗುತ್ತಾ ಇದ್ದ ಹಾಗೆ ಭಾರ ಇಲ್ಲದ ಕಡೆಯ ಪಾದ ನೆಲದಿಂದ ಸ್ವಲ್ಪ ಹಗುರಾಗುತ್ತದೆ. ಅದೇ ತೂಗಾಟದಲ್ಲಿ ಪಾದವನ್ನು ನೆಲದ ಮೇಲೆ ಸವರಿಕೊಂಡು ಒಂದಿಷ್ಟೇ ಮುಂದೆ ಹೋಗಲು ಬಿಡಿ, ಆಮೇಲೆ ಇನ್ನೊಂದು. ಸವರುವ ಹೆಜ್ಜೆ ಸರಾಗ ಆದಮೇಲೆ ಉದ್ದ ಮಾಡಿ. ಕಾಲು ಬಿಗಿಯಾಯಿತು ಅಂದರೆ ಜೋರು ಮಾಡಬೇಡಿ, ನಿಂತು ಮತ್ತೆ ತೂಗಿ.

ಕೆಲವರಿಗೆ ಮುಂದೆ ನಡೆಯಲು ಆಗದಿದ್ದರೂ ಹಿಂದೆ ಹಿಂದೆ ನಡೆಯಲು ಬರುತ್ತದೆ. ಪಕ್ಕಕ್ಕೆ ನಡೆಯಲು, ಮೆಟ್ಟಿಲು ಹತ್ತಲು, ಓಡಲು ಬರುತ್ತದೆ. ನೋಡುವವರಿಗೆ ವಿಚಿತ್ರ ಅನ್ನಿಸಬಹುದು, ಆದರೆ ಕಾರಣ ಇದೆ. ಕೆಟ್ಟು ಕೂತಿರುವುದು ರೂಢಿಯ ಮುಂದಿನ ನಡಿಗೆ. ಬೇರೆ ಥರದ ನಡಿಗೆಗೆ ಮಿದುಳು ಬೇರೆ ಕ್ರಮ ಹಿಡಿಯುತ್ತದೆ. ನಿಮಗೆ ಯಾವುದು ಬರುತ್ತದೋ ಅದರಿಂದ ಶುರು ಮಾಡಿ. ಗೋಡೆ ಪಕ್ಕ ನಾಲ್ಕು ಹೆಜ್ಜೆ ಹಿಂದೆ ಹೋಗಿ, ನಿಲ್ಲದೆ ಅದೇ ಓಟದಲ್ಲಿ ಮುಂದೆ ಬನ್ನಿ.

ತಾಳ ಬಹಳ ಉಪಕಾರಿ. ಯಕ್ಷಗಾನ, ತಾಳಮದ್ದಳೆ ಕೇಳಿ ಬೆಳೆದ ನಮಗೆ ಅದನ್ನು ಹೊರಗಿಂದ ತರಬೇಕಾಗಿಲ್ಲ. ಭಜನೆಯ ತಾಳ ಹಾಕಿಕೊಂಡು, ಬಾಯಲ್ಲಿ ತಕಧಿಮಿ ಅಂದುಕೊಂಡು, ಫೋನಿನಲ್ಲಿ ಚೆಂಡೆ ಮದ್ದಳೆ ಹಚ್ಚಿಕೊಂಡು ನಡೆಯಿರಿ. ಹೆಜ್ಜೆ ತಾಳದ ಹಿಂದೆ ಹೋಗಲಿ.

ಮನಸ್ಸಿಗೆ ಬೇರೆ ಕೆಲಸ ಕೊಡುವುದು ಇನ್ನೊಂದು ದಾರಿ. ನೂರರಿಂದ ಏಳೇಳು ಕಳೆಯುವುದು: 93, 86, 79. ಲೆಕ್ಕ ಬೇಜಾರಾದರೆ ಶಿವಮೊಗ್ಗದಿಂದ ರೈಲು ಹೋಗುವ ಊರುಗಳನ್ನು ಹಿಂದಿನಿಂದ ಹೇಳಿ: ತಾಳಗುಪ್ಪ, ಸಾಗರ, ಆನಂದಪುರ, ಅರಸಾಳು, ಕುಂಸಿ. ಕೈಗೂ ಕೆಲಸ ಕೊಡಬಹುದು. ಖಾಲಿ ಬುಟ್ಟಿ ಹಿಡಿದುಕೊಳ್ಳಿ, ತಟ್ಟೆಯಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಉರುಳದ ಹಾಗೆ ನಡೆಯಿರಿ, ಒಣಗಿದ ಗೋಟಡಿಕೆಯನ್ನು ಕಾಲಲ್ಲಿ ಒದ್ದುಕೊಂಡು ಅಂಗಳದ ಈ ತುದಿಯಿಂದ ಆ ತುದಿಗೆ ಹೋಗಿ. ಗೋಟಡಿಕೆ ಒದೆಯುವಾಗ "ಕಾಲು ಎತ್ತಬೇಕು" ಅನ್ನುವುದು ಮರೆತೇ ಹೋಗುತ್ತದೆ. ಬೇಕಾದದ್ದೂ ಅದೇ.

ಯಾವುದು ಕೆಲಸ ಮಾಡಿತೋ ಅದನ್ನು ವಿಡಿಯೊ ಮಾಡಿಸಿ, ನೋಡಿ. ನಡಿಗೆ ಹೇಗಿದೆ ಅಂತ ನಮಗೆ ಒಳಗಿನಿಂದ ಅನ್ನಿಸುವುದಕ್ಕೂ ಹೊರಗೆ ಕಾಣುವುದಕ್ಕೂ ಬಹಳ ವ್ಯತ್ಯಾಸ ಇರುತ್ತದೆ.

ನಾಲ್ಕನೇ ಹೆಜ್ಜೆ: ಮನೆ, ಅಂಗಳ, ಮಳೆಗಾಲ

ಅಡಿಕೆ ಒಣಗಿಸುವ ಅಂಗಳದಷ್ಟು ಒಳ್ಳೆಯ ಅಭ್ಯಾಸದ ಜಾಗ ಇನ್ನೊಂದಿಲ್ಲ. ಸಮತಟ್ಟು, ಅಗಲ, ಬಿದ್ದರೂ ಮನೆಯವರ ಕಣ್ಣಳತೆಯಲ್ಲಿ. ಶಿವಮೊಗ್ಗ ಪೇಟೆಯವರಿಗೆ ಗಾಂಧಿ ಪಾರ್ಕ್ ಇದೆ, ನೆಹರೂ ಕ್ರೀಡಾಂಗಣ ಇದೆ. ಜನ ಕಮ್ಮಿ ಇರುವ ಹೊತ್ತು ಆರಿಸಿಕೊಳ್ಳಿ. ಜನರ ನಡುವೆ ನಡೆಯುವುದೂ ಅಭ್ಯಾಸದ ಒಂದು ಭಾಗವೇ, ಅದು ಆಮೇಲೆ.

ಜೂನ್ ಬಂತು ಅಂದರೆ ಲೆಕ್ಕ ಬೇರೆ. ಅಂಗಳ, ಪಾಗಾರ, ಬಚ್ಚಲ ಕಲ್ಲಿನ ಮೇಲೆ ಹಾವಸೆ (ಪಾಚಿ) ಕಟ್ಟುತ್ತದೆ. ಚೆನ್ನಾಗಿ ನಡೆಯುವವರೇ ಜಾರುತ್ತಾರೆ. ಬಿದ್ದ ಭಯ ಒಮ್ಮೆ ಮೈಗೆ ಹತ್ತಿದರೆ ತಿಂಗಳ ಅಭ್ಯಾಸ ಹಾಳು. ಹಾಗಾಗಿ ಮಳೆಗಾಲದಲ್ಲಿ ಅಭ್ಯಾಸ ಒಳಗೇ ಇರಲಿ. ಓಡಾಡುವ ಜಾಗಕ್ಕೆ ಅಡಿಕೆ ಸೋಗೆ ಹಾಸಿ, ಇಲ್ಲವೇ ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸಿ. ಬಚ್ಚಲಿಗೆ, ಶೌಚಾಲಯಕ್ಕೆ ಗೋಡೆಗೆ ಹಿಡಿಕೆ ಹಾಕಿಸಿ. ಹೊಸ್ತಿಲ ಹತ್ತಿರ ರಾತ್ರಿ ಒಂದು ಸಣ್ಣ ದೀಪ ಇರಲಿ. ಸವೆದ ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಹಿಡಿತದ ಚಪ್ಪಲಿ ಹಾಕಿ. ಸಂಕ ದಾಟುವುದು ಕೆಲ ಕಾಲ ಬೇಡವೇ ಬೇಡ.

ಬಿದ್ದರೆ ಏಳುವುದನ್ನೂ ಕಲಿತಿಡಿ. ಅವಸರ ಮಾಡದೆ ಪಕ್ಕಕ್ಕೆ ಹೊರಳಿ, ಕೈ ಮೊಣಕಾಲುಗಳ ಮೇಲೆ ಬನ್ನಿ, ಗಟ್ಟಿ ಕುರ್ಚಿಯವರೆಗೆ ಅಂಬೆಗಾಲಲ್ಲಿ ಹೋಗಿ, ಅದನ್ನು ಹಿಡಿದು ಎದ್ದೇಳಿ. ಇದು ಗೊತ್ತಿದ್ದರೆ ತೋಟದಲ್ಲಿ ಒಬ್ಬರೇ ಇರುವಾಗ ಅರ್ಧ ಭಯ ಕಮ್ಮಿ.

ಕೋಲು ಹಿಡಿಯಬೇಕಾ? ಶುರುವಿನಲ್ಲಿ ಆದಷ್ಟು ಬೇಡ ಅನ್ನುವುದು ತಜ್ಞರ ಅಭಿಪ್ರಾಯ. ಕೋಲು, ವಾಕರ್, ಕಾಲಿಗೆ ಹಾಕುವ ಪಟ್ಟಿಗಳು ತಪ್ಪು ನಡಿಗೆಯನ್ನೇ ರೂಢಿ ಮಾಡಿಸಬಹುದು. ಹಾಗಂತ ಕೋಲು ಇಲ್ಲದೆ ಮನೆಯಲ್ಲೇ ಕೂತುಬಿಡುವುದು ಇನ್ನೂ ಕೆಟ್ಟದ್ದು. ಆಸ್ಪತ್ರೆಗೆ, ಮದುವೆಗೆ, ಬಸ್ ಸ್ಟ್ಯಾಂಡಿಗೆ ಬೇಕು ಅಂದರೆ ಹಿಡಿಯಿರಿ. ಅದರ ಮೇಲೆ ಭಾರ ಹಾಕಿ ಬಾಗಬೇಡಿ. ಮನೆಯೊಳಗೆ ಬಿಡಲು ಪ್ರಯತ್ನಿಸಿ, ಫಿಸಿಯೋಥೆರಪಿಸ್ಟ್ ಜೊತೆ ಆಗಾಗ ಮಾತಾಡಿ. ನಾಚಿಕೆಯ ಪ್ರಶ್ನೆಯೇ ಇಲ್ಲ.

ಐದನೇ ಹೆಜ್ಜೆ: ಒಳ್ಳೆಯ ದಿನವನ್ನು ಖರ್ಚು ಮಾಡಿಬಿಡಬೇಡಿ

ಅಡಿಕೆ ಕೊನೆ (ಗೊನೆ) ಕೊಯ್ಲಿನ ಕಾಲದಲ್ಲಿ ಇದು ಬಹಳ ಕಷ್ಟ, ನನಗೆ ಗೊತ್ತು. ಕೊನೆಗಾರರು ಬಂದಿದ್ದಾರೆ, ಅಡಿಕೆ ಸುಲಿಯಬೇಕು, ಬೇಯಿಸಬೇಕು, ಕಾಲೂ ಇವತ್ತು ಚೆನ್ನಾಗಿದೆ. ದಿನವಿಡೀ ದುಡಿದರೆ ಮರುದಿನದಿಂದ ಹಾಸಿಗೆ. ಹಾಸಿಗೆ ಹಿಡಿದರೆ ಶಕ್ತಿ ಕುಂದುತ್ತದೆ, ಮನಸ್ಸೂ ಕುಂದುತ್ತದೆ. ಹಾಗಾಗಿ ಕೆಲಸವನ್ನು ಗಡಿಯಾರ ನೋಡಿ ಅಳೆಯಿರಿ, ಸುಸ್ತು ನೋಡಿ ಅಲ್ಲ. ನಿಮ್ಮ ಕೆಟ್ಟ ದಿನದಲ್ಲೂ ಆಗುವಷ್ಟು ಹೊತ್ತು ಎಷ್ಟು ಅಂತ ಕಂಡುಕೊಳ್ಳಿ. ಹತ್ತು ನಿಮಿಷ ಅಂದರೆ ಹತ್ತೇ ನಿಮಿಷ, ಒಳ್ಳೆಯ ದಿನದಲ್ಲೂ. ಆಮೇಲೆ ಕೂತು ಸುಧಾರಿಸಿಕೊಂಡು ಇನ್ನೊಂದು ಹತ್ತು. ವಾರ ಕಳೆದು ಸಲೀಸಾದರೆ ಒಂದೆರಡು ನಿಮಿಷ ಸೇರಿಸಿ. ಅಡಿಕೆ ಸುಲಿಯುವುದು ಕೂತು ಮಾಡುವ ಕೆಲಸ, ಅದನ್ನು ನೀವೇ ತೆಗೆದುಕೊಳ್ಳಿ.

ನಿದ್ದೆ ಹೊತ್ತಿಗೆ ಸರಿಯಾಗಿ ಇರಲಿ. ನಿದ್ದೆ ಮಾತ್ರೆ, ಬಲವಾದ ನೋವಿನ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಮುಂದುವರಿಸಬೇಡಿ. ಅವು ತಲೆ ಮಂಕಾಗಿಸಿ ನಡಿಗೆಯನ್ನು ಇನ್ನೂ ಕೆಡಿಸುತ್ತವೆ. ರೂಢಿಯಾಗಿದ್ದರೆ ಒಮ್ಮೆಲೇ ನಿಲ್ಲಿಸಲೂಬಾರದು, ವೈದ್ಯರು ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಕಾಲು ಸೋಲುವ ಮೊದಲು ಎದೆ ಹೊಡೆದುಕೊಳ್ಳುವುದು, ಸುತ್ತಲಿನದೆಲ್ಲ ದೂರ ಹೋದಂತೆ ಅನ್ನಿಸುವುದು ಕೆಲವರಿಗಿದೆ. ಆಗ ನಿಂತು, ಕೈಗೆ ಸಿಕ್ಕ ಕಂಬವನ್ನೋ ಎಲೆಯನ್ನೋ ಮುಟ್ಟಿ, ಅದು ತಂಪೋ ಒರಟೋ ಅಂತ ಗಮನಿಸಿ. ಕೇಳುವ ಮೂರು ಸದ್ದುಗಳನ್ನು ಹೆಸರಿಸಿ. ಉಸಿರು ಬಿಡುವುದನ್ನು ಉದ್ದ ಮಾಡಿ. ಬೇಜಾರು, ಭಯ ಬಿಡದೆ ಕಾಡುತ್ತಿದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಇದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೋವೈದ್ಯರನ್ನು ಕಂಡರೆ "ಹಾಗಾದರೆ ಇದು ಸುಳ್ಳು ಕಾಯಿಲೆ" ಅಂತ ಅರ್ಥ ಅಲ್ಲವೇ ಅಲ್ಲ.

ಮತ್ತೆ ಕೆಟ್ಟರೆ

ಕೆಲವರು ಪೂರ್ತಿ ಗುಣವಾಗುತ್ತಾರೆ, ಕೆಲವರು ತಕ್ಕಮಟ್ಟಿಗೆ ಸುಧಾರಿಸುತ್ತಾರೆ, ಕೆಲವರಿಗೆ ಬಹಳ ಕಾಲ ಉಳಿಯುತ್ತದೆ. ಸುಧಾರಿಸಿದ ಮೇಲೂ ಜ್ವರ ಬಂದಾಗ, ನಿದ್ದೆಗೆಟ್ಟಾಗ, ಮನೆಯಲ್ಲಿ ಸಾವು ನೋವು ಆದಾಗ ಕಾಲು ಮತ್ತೆ ಎಳೆಯಬಹುದು. ಅದಕ್ಕೆ ಮೊದಲೇ ತಯಾರಿ ಬೇಕು. ಚೆನ್ನಾಗಿರುವ ದಿನವೇ ಒಂದು ರಟ್ಟಿನ ಮೇಲೆ ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ: ನನಗೆ ಕೆಲಸ ಮಾಡಿದ ಮೂರು ಉಪಾಯಗಳು ಯಾವುವು, ಎಷ್ಟು ನಿಮಿಷದಿಂದ ಮತ್ತೆ ಶುರು ಮಾಡಬೇಕು, ಮನೆಯವರು ಏನು ಮಾಡಬೇಕು, ಏನು ಮಾಡಬಾರದು, ಯಾವ ವೈದ್ಯರಿಗೆ ಫೋನ್ ಮಾಡಬೇಕು. ವಿಡಿಯೊಗಳನ್ನು ಫೋನಿನಲ್ಲೇ ಉಳಿಸಿಕೊಳ್ಳಿ, ನಮ್ಮಲ್ಲಿ ನೆಟ್‌ವರ್ಕ್ ನಂಬುವ ಹಾಗಿಲ್ಲ. ರಟ್ಟಿನ ಕೊನೆಗೆ, ಮೇಲೆ ಹೇಳಿದ 108ರ ಲಕ್ಷಣಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಮನೆಯ ಮಕ್ಕಳಿಗೂ ಅದನ್ನು ಒಮ್ಮೆ ಓದಿ ಹೇಳಿ.